ಆಕಾರಾಂತ ಅಣವೀರ

ಸೇಡಂ ಊರಿಂದ ಸಿಮೆಂಟ್ ಕಾರ್ಖಾನೆಗೆ ಬಿಳಿ ಕಾರು ಓಡಿಸುವ ಅಣವೀರನನ್ನು ಕಂಡವರು ಮೊದಲು ನೋಡುವುದು ಅವನ ಮೀಸೆಯನ್ನು. ಸುಲೇಪೇಟದ ಮನೆತನದ ಮೀಸೆ ಅದು. ಅವನಿಗೆ ಅಪ್ಪನಿಂದ ಬಂದದ್ದು, ಅಪ್ಪನಿಗೆ ಅವರಪ್ಪನಿಂದ. ಹೊಲ ಪಾಲಾಗಿ ಹಂಚಿಹೋದರೂ ಮೀಸೆ ಪಾಲಾಗದೆ ಇಡಿಯಾಗಿ ಇಳಿದು ಬಂದಿತ್ತು. ಇಂಥ ಮೀಸೆ ಹೊತ್ತ ಮನುಷ್ಯ ವರ್ಷದ ಮುಕ್ಕಾಲು ಪಾಲು ತನ್ನನ್ನು ತಾನು ಹೆಂಗಸು ಎಂದು ಹೇಳಿಕೊಂಡು ತಿರುಗಿದ ಎಂದರೆ ಯಾರು ನಂಬಬೇಕು? ಆದರೆ ಆದದ್ದು ಹಾಗೆಯೇ.

ಕಾರ್ಖಾನೆಯವರು ಧೂಳು ಹಿಡಿಯುವ ದೊಡ್ಡ ಯಂತ್ರವೊಂದನ್ನು ಸ್ಪೇನ್ ದೇಶದಿಂದ ತರಿಸಿದ್ದರು. "ಅದನ್ನ ಕೂಡಸಾಕ ಇಂಜಿನಿಯರ್ ಬರ್ತಾರ, ಹೈದರಾಬಾದ್ ಏರ್‌ಪೋರ್ಟಿಗಿ ಹೋಗು" ಎಂದು ಗುತ್ತಿಗೆದಾರರು ಅಣವೀರನನ್ನು ಕಳಿಸಿದರು. ಇಂಜಿನಿಯರ್ ಅಂದ ಮೇಲೆ ಗಂಡಸೇ ಇರಬೇಕೆಂದು ಅವನು ಪ್ಯಾಂಟು ಬೂಟಿನವರ ಮುಖವನ್ನೆಲ್ಲ ನೋಡುತ್ತ ತಿರುಗಿದ. ಕೊನೆಗೆ ಅವನ ಎದುರು ಬಂದು ನಿಂತದ್ದು ಐವತ್ತರ ಆಸುಪಾಸಿನ, ಕೂದಲು ಗಿಡ್ಡಗೆ ಕತ್ತರಿಸಿದ ಒಬ್ಬ ಹೆಂಗಸು. ಹೆಸರು ನೂರಿಯಾ.

"ನೂರಿಯಾ ಅಂದ್ರ ನಮ್ಮ ಮುಸಲ್ಮಾನರ ಪೈಕಿ ಹೆಸರಲ್ಲೇನೋ!" ಎಂದ ಅವನ ಗೆಳೆಯ ಮುಕ್ರಮ. ವಾಡಿಯವನಾದ ಮುಕ್ರಮನೂ ಅದೇ ಕಾರ್ಖಾನೆಗೆ ಗಾಡಿ ಹೊಡೆಯುತ್ತಿದ್ದ.

"ಅವರ ಊರಾಗ ದೇವಿ ಹೆಸರಂತಪ. ನೀ ಸುಮ್ಕ ಸಂಬಂಧ ಹಚ್ಚಬ್ಯಾಡ" ಎಂದ ಅಣವೀರ.

ನೂರಿಯಾಗೆ ಬರುತ್ತಿದ್ದ ಇಂಗ್ಲಿಷು ಯಂತ್ರಕ್ಕೆ ಸಾಕಾಗುವಷ್ಟಿತ್ತು, ಮಾತಿಗೆ ಸಾಕಾಗುತ್ತಿರಲಿಲ್ಲ. ಅಣವೀರನ ಇಂಗ್ಲಿಷಂತೂ ಲೆಫ್ಟು, ರೈಟು, ರಿವರ್ಸಿನಲ್ಲಿ ಮುಗಿಯುತ್ತಿತ್ತು. ಸುಣ್ಣದಕಲ್ಲಿನ ಲಾರಿಗಳ ಹಿಂದೆ ಕಾರು ತೆವಳುವಾಗ ಬೇಸರ ಕಳೆಯಲು ಆಕೆ ಅವನಿಗೆ ಸ್ಪ್ಯಾನಿಷ್ ಕಲಿಸತೊಡಗಿದಳು. ಸಂಜೆ ಸೀಟಿಗೆ ಒರಗಿ "ಎಸ್ತೊಯ್ ಕನ್ಸಾದಾ" ಅನ್ನುವಳು. ನಾನು ದಣಿದಿದ್ದೀನಿ ಎಂದರ್ಥ. ಅಣವೀರ ಸ್ಟೀರಿಂಗ್ ಹಿಡಿದೇ "ಎಸ್ತೊಯ್ ಕನ್ಸಾದಾ" ಅನ್ನುವನು. ಬೆಳಿಗ್ಗೆ ಗೆಸ್ಟ್ ಹೌಸಿನ ಬಾಗಿಲಿಗೆ ಬಂದು "ಎಸ್ತೊಯ್ ಲಿಸ್ತಾ" ಅನ್ನುವಳು. ನಾನು ತಯಾರು ಎಂದು. ಅವನೂ ಕಾರಿನ ಬಾಗಿಲು ತೆರೆದು ಹಿಡಿದು "ಎಸ್ತೊಯ್ ಲಿಸ್ತಾ" ಅನ್ನುವನು. ಭಾನುವಾರ ಶಹಾಬಾದದ ಫರಸಿ ಕಲ್ಲಿನ ಗಣಿ ನೋಡಲು ಹೋದಾಗಲೂ, ಚಿಂಚೋಳಿಯ ಕಾಡಿನ ಕಡೆ ತಿರುಗಲು ಹೋದಾಗಲೂ ಪಾಠ ನಡೆದೇ ಇತ್ತು.

ಸ್ವಲ್ಪ ದಿನಕ್ಕೆ ಅಣವೀರನಿಗೆ ಒಂದು ಸೂಕ್ಷ್ಮ ಹೊಳೆಯಿತು. ತನ್ನ ವಿಷಯ ಹೇಳುವಾಗ ಆಕೆ ಕನ್ಸಾದಾ ಅನ್ನುತ್ತಾಳೆ. ಅವನನ್ನು "ದಣಿದಿದ್ದೀಯಾ?" ಎಂದು ಕೇಳುವಾಗ ಮಾತ್ರ "ಎಸ್ತಾಸ್ ಕನ್ಸಾದೋ?" ಅನ್ನುತ್ತಾಳೆ. ಇದರ ಮರ್ಮ ಏನಿರಬಹುದು? ಅಣವೀರ ಕನ್ನಡದವನು; ಅವನಿಗೆ ಅದು ಕಷ್ಟವೇ ಆಗಲಿಲ್ಲ. ನಾನು ಅಂದರೆ ಬಂದೀನಿ, ನೀನು ಅಂದರೆ ಬಂದಿ. ಹಾಗೆಯೇ ಇದು: ನನಗಾದರೆ ಕೊನೆಗೆ ಆ, ನಿನಗಾದರೆ ಕೊನೆಗೆ ಓ. ಇಷ್ಟು ಸರಳ ಭಾಷೆಗೆ ಜನ ಯಾಕೆ ಕ್ಲಾಸು ಸೇರುತ್ತಾರೋ ಎಂದುಕೊಂಡ. ಅಂದಿನಿಂದ ತನ್ನ ವಿಷಯವನ್ನೆಲ್ಲ ಆಕಾರದಲ್ಲಿ, ನೂರಿಯಾ ವಿಷಯವನ್ನೆಲ್ಲ ಓಕಾರದಲ್ಲಿ ಹೇಳತೊಡಗಿದ. "ಎಸ್ತಾಸ್ ಲಿಸ್ತೋ, ಮೇಡಂ?" ಎಂದು ಅವನು ಕೇಳಿದಾಗ ನೂರಿಯಾ ಹೊಟ್ಟೆ ತುಂಬ ನಗುತ್ತಿದ್ದಳು. ತನ್ನ ಉಚ್ಚಾರಕ್ಕೆ ಖುಷಿಯಾಗಿ ನಗುತ್ತಾಳೆಂದು ಅವನೂ ಖುಷಿಪಟ್ಟ.

ಮನೆಯಲ್ಲಿ ಹೆಂಡತಿ ಸುಜಾತಾಳ ಎದುರೂ ಈ ವಿದ್ಯೆಯ ಪ್ರದರ್ಶನ ನಡೆಯಿತು. ಸುಜಾತಾ ಅಂಗನವಾಡಿ ಟೀಚರು. ಮಕ್ಕಳ ಬಾಯಲ್ಲಿ ಎಂಥೆಂಥ ಭಾಷೆಯನ್ನೋ ಕೇಳಿದ ಕಿವಿ ಆಕೆಯದು.

"ಕನ್ಸಾದಾ ಅಂದ್ರ ದಣದೀನಿ. ಕಸಾದಾ ಅಂದ್ರ ನಂದು ಮದುವಿ ಆಗ್ಯಾದ" ಎಂದು ಅಣವೀರ ವಿವರಿಸಿದ.

"ಎರಡಕ್ಕೂ ಭಾಳ ಫರಕೇನಿಲ್ಲ ಬಿಡು" ಎಂದಳು ಸುಜಾತಾ, ಹೆಸರುಕಾಳಿನಲ್ಲಿ ಕಲ್ಲು ಆರಿಸುತ್ತ.

ಯಂತ್ರದ ಅರ್ಧ ಕೆಲಸ ಮುಗಿದಾಗ ನೂರಿಯಾ ರಜೆಯ ಮೇಲೆ ಊರಿಗೆ ಹೋದಳು. ಆಕೆ ಮರಳುವವರೆಗೆ ಕೆಲಸ ನೋಡಿಕೊಳ್ಳಲು ಹಾವಿ ಎಂಬ ತರುಣ ಇಂಜಿನಿಯರ್ ಬರುವವನಿದ್ದ. ಪೂರ್ತಿ ಹೆಸರು ಹಾವಿಯೆರ್; ಕರೆಯುವುದು ಹಾವಿ.

"ಹಾವಿ? ಹಾವು ಅಂತ ಯಾರಾದ್ರೂ ಮಗನಿಗಿ ಹೆಸರಿಡ್ತಾರೇನ?" ಎಂದಳು ಸುಜಾತಾ.

ಹಾವಿ ಸೊಲ್ಲಾಪುರದ ಕಡೆ ಇನ್ನೊಂದು ಕಾರ್ಖಾನೆ ನೋಡಿಕೊಂಡು ರೈಲಿನಲ್ಲಿ ವಾಡಿಗೆ ಬರುವುದೆಂದು ಗೊತ್ತಾಯಿತು. 'ಅಣವೀರ ಬಂದು ಕರೆದುಕೊಂಡು ಹೋಗುತ್ತದೆ' ಎಂಬಂಥ, ಗಂಡೋ ಹೆಣ್ಣೋ ತಿಳಿಯದ ಒಂದು ಚುಟುಕು ಸಂದೇಶವನ್ನು ನೂರಿಯಾ ಅವನಿಗೆ ಕಳಿಸಿದ್ದಳು. ಉಳಿದದ್ದನ್ನು ಅಣವೀರ ತಾನೇ ವಾಟ್ಸಾಪಿನಲ್ಲಿ ನಿಭಾಯಿಸಿದ. ಫೋನೇ ಭಾಷಾಂತರ ಮಾಡಿಕೊಡುತ್ತದೆಂದು ಮುಕ್ರಮ ಹೇಳಿದರೂ ಕೇಳಲಿಲ್ಲ. ಕಲಿತ ವಿದ್ಯೆ ಬಿಟ್ಟು ಮಷಿನ್ ಯಾಕೆ? 'ನಾನು ಅಣವೀರ. ನಾನು ತಯಾರು. ನನಗೆ ಭಾಳ ಸಂತೋಷ' ಎಂದು ಸ್ಪ್ಯಾನಿಷಿನಲ್ಲಿ, ಎಲ್ಲದರ ಕೊನೆಗೂ ಆಕಾರ ಹಚ್ಚಿ ಬರೆದ. ರೈಲು ತಡವಾಗಿ ಬರುತ್ತದೆಂದೂ, ತನಗೆ ಇದು ಖಚಿತವೆಂದೂ ಬರೆದ: ಎಸ್ತೊಯ್ ಸೆಗುರಾ.

ಹಾವಿಯ ಉತ್ತರ ಬಂತು: ಎಸ್ತಾಸ್ ಸೆಗುರಾ? ಖಚಿತವೇ?

ಅಣವೀರ ಫೋನನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ನೀನು ಅಂದಾಗ ಸೆಗುರೋ ಅನ್ನಬೇಕಲ್ಲವೇ? ಸ್ಪೇನ್ ದೇಶದಲ್ಲೇ ಹುಟ್ಟಿ ಬೆಳೆದವನಿಗೆ ಇಷ್ಟು ಬರುವುದಿಲ್ಲವೇ? ಆಮೇಲೆ ಅವನೇ ಸಮಾಧಾನ ಮಾಡಿಕೊಂಡ. ಧಾರವಾಡದವರ ಕನ್ನಡ ಬೇರೆ, ನಮ್ಮದು ಬೇರೆ. ಇವನು ಯಾವುದೋ ಹಳ್ಳಿಗಾಡಿನವನಿರಬೇಕು. ತಿದ್ದಬೇಕೆಂದು ಬೆರಳು ತುರಿಸಿತು. ಬರುವವರು ಅತಿಥಿಗಳು, ತಿದ್ದಿದರೆ ಚಂದ ಕಾಣುವುದಿಲ್ಲ ಎಂದು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟ.

ಸಾಮಾನು ಜಾಸ್ತಿ ಇರಬಹುದೆಂದು ಮುಕ್ರಮನೂ ತನ್ನ ಗಾಡಿ ತಂದಿದ್ದ. ವಾಡಿ ಸ್ಟೇಷನ್ನಿನಲ್ಲಿ ರೈಲು ನಿಂತಿತು. ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡ ಉದ್ದನೆಯ ಹುಡುಗ ಇಳಿದ. ಅಣವೀರ ಮೀಸೆ ನೇವರಿಸಿಕೊಂಡು ಮುಂದೆ ಹೋಗಿ ನಿಂತ. ಹುಡುಗ ಅವನಿಗೆ ನಮಸ್ಕಾರ ಮಾಡಿ ಅವನ ಭುಜದ ಮೇಲಿಂದ ಹಿಂದಕ್ಕೆ ನೋಡತೊಡಗಿದ. ಮಿರ್ಚಿ ಭಜಿ ಮಾರುವ ಹೆಂಗಸಿನ ಹತ್ತಿರ ಹೋಗಿ "ಅನವೀರಾ?" ಎಂದು ಕೇಳಿದ. ಆಕೆ ಒಂದು ಪ್ಲೇಟು ಭಜಿ ಕಟ್ಟಿಕೊಟ್ಟಳು. ಬೆಂಚಿನ ಮೇಲಿದ್ದ ಪೊಲೀಸ್ ಹೆಂಗಸನ್ನು ಕೇಳಿದ. ಆಕೆ ಟಿಕೆಟ್ ಕೌಂಟರು ತೋರಿಸಿದಳು.

ನಾನೇ ಅಣವೀರ ಎಂದು ಸ್ಪ್ಯಾನಿಷಿನಲ್ಲಿ ಕೂಗುತ್ತ ಅಣವೀರ ಬೆನ್ನು ಹತ್ತಿ ಓಡಿದ. "ಸೊಯ್ ಅಣವೀರ, ಸೊಯ್ ಅಣವೀರ!"

ಹಾವಿ ಭಜಿಯ ಪೊಟ್ಟಣ ಹಿಡಿದುಕೊಂಡು ಅವನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ, "ಓ, ನೀವು ಅನವೀರಾ ಅವರ ಗಂಡನೇ?" ಎಂದು ಕೇಳಿದ.

ಹಸ್ಬೆಂಡ್ ಎಂಬ ಮಾತು ಅಣವೀರನಿಗೂ ಗೊತ್ತಿತ್ತು. ಮದುವೆಯ ವಿಷಯ ಕೇಳುತ್ತಿದ್ದಾನೆಂದು ತಿಳಿದು, ಎದೆ ಉಬ್ಬಿಸಿ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಹೇಳಿದ: "ಸೊಯ್ ಕಸಾದಾ! ಎಸ್ತೊಯ್ ಮುಯ್ ಕೊಂತೆಂತಾ!"

ಅಂದರೆ, ನಾನು ಮುತ್ತೈದೆ, ಬಹಳ ಸುಖವಾಗಿರುವವಳು.

ಹಾವಿ ಮೊದಲು ಕೆಮ್ಮಿದ. ಆಮೇಲೆ ಮುಖ ತಿರುಗಿಸಿದ. ತಡೆಯಲಾಗದೆ ಚೀಲದ ಮೇಲೆ ಕುಸಿದು ಕುಳಿತು ನಗತೊಡಗಿದ. ನಗು ಮುಗಿಸಿ, ಕಣ್ಣೊರೆಸಿಕೊಂಡು, ಅವನೇ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ನಾನು, ನೀನು ಎಂಬ ಭೇದಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಂಗಸಿಗೆ ಆ, ಗಂಡಸಿಗೆ ಓ. ಅನವೀರಾ ಎಂಬ ಹೆಸರೂ ಆಕಾರದಲ್ಲೇ ಮುಗಿಯುತ್ತದೆ, ಸಂದೇಶಗಳೂ ಹಾಗೆಯೇ ಇದ್ದವು. ಬರುವುದು ಹೆಣ್ಣು ಡ್ರೈವರೆಂದೇ ನಾನು ತಿಳಿದಿದ್ದೆ ಎಂದ.

ಅಣವೀರನಿಗೆ ಅರ್ಧ ತಿಳಿಯಿತು. ಪೂರ್ತಿ ತಿಳಿದದ್ದು ಮುಕ್ರಮನಿಗೆ. ಮನೆಯಲ್ಲಿ ಉರ್ದು ಆಡುವವನಿಗೆ ಇಂಥ ಸಂಗತಿ ಗಾಳಿಯಲ್ಲೇ ಹೊಳೆಯುತ್ತದೆ.

"ಅಯ್ಯೋ ನನ್ನಪ್ಪಾ! ಹಿಂದಿಯಾಗ 'ಮೇರಾ ಬೀವಿ ಆಯಾ' ಅಂತ ಹೆಂಡ್ತಿಗಿ ಗಂಡಸು ಮಾಡಿದ್ದಿ. ನಮ್ಮಲ್ಲಿ ಆ ಅಂದ್ರ ಗಂಡಸು, ಅವರಲ್ಲಿ ಆ ಅಂದ್ರ ಹೆಂಗಸು. ಎರಡೂ ಕಡಿ ಬರಾಬರ್ ಉಲ್ಟಾ ಹಿಡದಿ ನೋಡು! ಒಂದು ಕಡಿಯರ ತಪ್ಪಿ ಸರಿ ಆಗಬಾರದಾ?"

ಅಣವೀರ ಹಾವಿಯನ್ನು ಕೂರಿಸಿಕೊಂಡು ಚಿತ್ತಾಪುರದ ದಾರಿ ಹಿಡಿದ. ಅವನ ತಲೆಯಲ್ಲಿ ಇಷ್ಟು ದಿನ ಆಡಿದ ಮಾತುಗಳೆಲ್ಲ ಒಂದೊಂದಾಗಿ ಸೀರೆ ಉಟ್ಟುಕೊಂಡು ಎದ್ದು ಬರುತ್ತಿದ್ದವು. ನಾನು ದಣಿದವಳು. ನಾನು ತಯಾರಾದವಳು. ನಾನು ಸುಲೇಪೇಟದವಳು, ಮರ್ಯಾದಸ್ಥಳು.

ಮರುದಿನದ ಹೊತ್ತಿಗೆ ಸುದ್ದಿ ಕಾರ್ಖಾನೆಯ ಗೇಟಿಗೂ, ಗೇಟಿನ ಎದುರಿನ ಚಹಾದಂಗಡಿಗೂ ತಲುಪಿತ್ತು. ಮುಕ್ರಮ ಯಾರಿಗೂ ಹೇಳಿಲ್ಲವೆಂದು ಆಣೆ ಮಾಡಿದ. ಒಬ್ಬನಿಗೆ ಮಾತ್ರ ಹೇಳಿದ್ದನಂತೆ. ಚಹಾದಂಗಡಿಯ ಖಂಡಪ್ಪ, "ಬರ್ರಿ ಅಕ್ಕೋರೆ, ಕುಂದ್ರಿ. ಸಕ್ಕರಿ ಕಡಿಮಿ ಹಾಕ್ಲೇನ್ರಿ?" ಎಂದು ಬೆಂಚು ಒರೆಸಿಕೊಟ್ಟ. ಅಣವೀರ ನಕ್ಕಂತೆ ಮಾಡಿದ. ಆದರೆ ಅವತ್ತಿನಿಂದ ಹಾವಿಯ ಎದುರು ಒಂದೇ ಒಂದು ಸ್ಪ್ಯಾನಿಷ್ ಮಾತೂ ಆಡಲಿಲ್ಲ. ಯೆಸ್ ಸರ್, ನೋ ಸರ್. ಪಾಪ ಹಾವಿ ದಾರಿಯುದ್ದಕ್ಕೂ ಹಾಡು ಹಚ್ಚಿ, ಬಿಸ್ಕತ್ತು ಕೊಟ್ಟು ಪ್ರಯತ್ನಪಟ್ಟ. ಯೆಸ್ ಸರ್, ನೋ ಸರ್.

"ಅಷ್ಟು ಮನಸಿಗಿ ಹಚ್ಕೊಂಡ್ರ ಹೆಂಗ?" ಎಂದಳು ಸುಜಾತಾ. "ಹೆಂಗಸಾದ್ರ ಏನು ಕಡಿಮಿ ಆಯ್ತು ನಿನಗ? ನಾ ಹುಟ್ಟಿದಾಗಿಂದ ಆಗೀನಿ, ನಡದದ."

ಜನ ನಕ್ಕದ್ದಕ್ಕಿಂತ ಅಣವೀರನಿಗೆ ಚುಚ್ಚಿದ್ದು ಬೇರೆ. ಅಷ್ಟು ದಿನ ಪಕ್ಕದಲ್ಲಿ ಕುಳಿತು ಕೇಳಿದ ನೂರಿಯಾ ಯಾಕೆ ಒಂದು ಮಾತು ಹೇಳಲಿಲ್ಲ?

ನೂರಿಯಾ ಮರಳಿ ಬಂದ ದಿನ ಏರ್‌ಪೋರ್ಟಿನಲ್ಲಿ ಅವನು "ಗುಡ್ ಮಾರ್ನಿಂಗ್ ಮೇಡಂ" ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡ. ತಾಂಡೂರು ಬರುವವರೆಗೆ ಆಕೆ ಕಾದಳು. ಆಮೇಲೆ ನೇರವಾಗಿ ಕೇಳಿದಳು. ಅಣವೀರ ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಬಂದ ಭಾಷೆಗಳನ್ನೆಲ್ಲ ಕಲಸಿ ತನ್ನ ಸಿಟ್ಟು ಹೇಳಿಕೊಂಡ. "ವಾಡಿ ಟೇಸನ್ನಾಗ ಮಾನ ಹೋಯ್ತು ಮೇಡಂ. ನೀವು ಗುರುಗಳು. ಗುರುಗಳಾದೋರು ಶಿಷ್ಯನಿಗಿ ಹಿಂಗ ಬಿಡಬಾರದಿತ್ತು."

ನೂರಿಯಾ ನಗಲಿಲ್ಲ. "ಮೊದಲ ವಾರ ತಿದ್ದಿದ್ದೆ. 'ನೀನು ಕನ್ಸಾದೋ' ಅಂದೆ. ನೀನು ತಲೆ ಅಲ್ಲಾಡಿಸಿ 'ಹೌದು, ನೀನು ಕನ್ಸಾದೋ, ನಾನು ಕನ್ಸಾದಾ' ಅಂದೆ. ತಮಾಷೆ ಮಾಡ್ತಿದ್ದೀಯ ಅಂದುಕೊಂಡೆ. ತಮಾಷೆಯಲ್ಲ ಅಂತ ಗೊತ್ತಾಗುವ ಹೊತ್ತಿಗೆ ನನಗೆ ಅದು ಇಷ್ಟವಾಗಿಬಿಟ್ಟಿತ್ತು" ಎಂದಳು.

ಆಮೇಲೆ ತನ್ನ ಹಳೆಯ ಸುದ್ದಿ ಹೇಳಿದಳು. ಆಕೆ ಕೆಲಸಕ್ಕೆ ಸೇರಿದ ಮೊದಲ ಕಾರ್ಖಾನೆಯಲ್ಲಿ ಆಕೆಯ ಕೋಣೆಯ ಬಾಗಿಲಿಗೆ 'ಇಂಹೆನಿಯೆರೋ' ಎಂದು ಫಲಕ ಇತ್ತು; ಗಂಡು ಇಂಜಿನಿಯರ್ ಎಂದರ್ಥ. ಆಕೆ ಕೊನೆಯ ಓ ಮೇಲೆ ಆ ಬರೆದ ಚೀಟಿ ಅಂಟಿಸುವಳು. ಯಾರೋ ಕಿತ್ತು ಹಾಕುವರು. ಮತ್ತೆ ಅಂಟಿಸುವಳು, ಮತ್ತೆ ಕೀಳುವರು. ಬಂದವರು ಆಕೆಯ ಎದುರೇ ನಿಂತು "ಇಂಜಿನಿಯರ್ ಎಲ್ಲಿದ್ದಾನೆ?" ಎಂದು ಕೇಳುವರು. "ಅಲ್ಲಿಯ ಗಂಡಸರು ನನಗೆ ಓ ಅಂದಾಗ ಮೈ ಉರೀತಿತ್ತು. ನೀನೂ ಓ ಅಂದೆ. ಆದರೆ ನನ್ನ ಆ ತೆಗೆದುಕೊಂಡು ನೀನೇ ಹಾಕಿಕೊಂಡೆಯಲ್ಲ! ಇಷ್ಟು ದೊಡ್ಡ ಮೀಸೆ ಇಟ್ಟುಕೊಂಡು! ದಿನಾ ಬೆಳಿಗ್ಗೆ ನನಗೆ ನಗು ತರಿಸಿದವನು ನೀನು ಒಬ್ಬನೇ. ನನ್ನ ತಪ್ಪು, ಕ್ಷಮಿಸು."

"ನನಗೂ ಏರ್‌ಪೋರ್ಟಿನಾಗ ಗಂಡಸೇ ಬರ್ತಾನ ಅನಸಿತ್ತು ಮೇಡಂ, ಮೊದಲ ದಿನ" ಎಂದು ಅಣವೀರ ಮೆಲ್ಲಗೆ ಒಪ್ಪಿಕೊಂಡ.

"ಗೊತ್ತು. ನನ್ನನ್ನ ದಾಟಿ ಮುಂದೆ ಹೋಗಿದ್ದಿ" ಎಂದಳು ನೂರಿಯಾ.

ಅಲ್ಲಿಗೆ ರಾಜಿಯಾಯಿತು. ಇನ್ನು ಮೇಲೆ ತಪ್ಪಿದಾಗಲೆಲ್ಲ ಆಕೆ ಡ್ಯಾಶ್‌ಬೋರ್ಡಿಗೆ ಬಡಿಯಬೇಕೆಂದು ಗೊತ್ತುಮಾಡಿಕೊಂಡರು. ಆದರೆ ಹೆದರಿದ ಮನುಷ್ಯ ಅತಿಗೆ ಹೋಗುತ್ತಾನೆ. ಅಣವೀರ ಈಗ ಕಂಡದ್ದಕ್ಕೆಲ್ಲ ಓ ಹಚ್ಚತೊಡಗಿದ. ಸೇಡಂ ತಲುಪುವುದರಲ್ಲಿ ಡ್ಯಾಶ್‌ಬೋರ್ಡು ತಬಲಾ ಆಗಿತ್ತು. ಇಳಿಯುವ ಮುನ್ನ, ಬದಲಿಗೆ ನನಗೂ ನಿನ್ನ ಭಾಷೆ ಕಲಿಸು ಎಂದಳು ನೂರಿಯಾ. ಅಣವೀರನಿಗೆ ಎಲ್ಲಿಲ್ಲದ ಹುರುಪು ಬಂತು. ಕನ್ನಡದಲ್ಲಾದರೆ ತಾನು ತಪ್ಪುವ ಮಾತೇ ಇಲ್ಲವಲ್ಲ.

ಒಂದು ಭಾನುವಾರ ಮಧ್ಯಾಹ್ನ, ಹಾವಿ ಊರಿಗೆ ಮರಳುವ ಮೊದಲು, ಅವನನ್ನೂ ನೂರಿಯಾಳನ್ನೂ ಮನೆಗೆ ಊಟಕ್ಕೆ ಕರೆದ. ಸುಜಾತಾ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮಾಡಿದ್ದಳು. ಅಣವೀರ ಹೆಂಡತಿಯನ್ನು ಪರಿಚಯಿಸಲು ಎದ್ದು ನಿಂತು, "ಮಿ ಎಸ್ಪೋಸೋ. ಎಸ್ತಾ ಮುಯ್ ಕೊಂತೆಂತೋ" ಎಂದ.

ಹಾವಿ ರೊಟ್ಟಿ ಕೆಳಗಿಟ್ಟ. ನೂರಿಯಾ ಡ್ಯಾಶ್‌ಬೋರ್ಡು ಸಿಗದೆ ನೆಲಕ್ಕೆ ಬಡಿದಳು. "ಏನಂದ?" ಎಂದು ಸುಜಾತಾ ಕೇಳಿದಾಗ ಅಣವೀರ ತಾನೇ ಹೇಳಬೇಕಾಯಿತು: ಇವನು ನನ್ನ ಗಂಡ, ಬಹಳ ಸಂತೋಷವಾಗಿದ್ದಾನೆ.

"ಇರ್ಲಿ ಬಿಡು. ಮನ್ಯಾಗ ಒಬ್ರು ಗಂಡಸರು ಬೇಕಲ್ಲ" ಎಂದಳು ಸುಜಾತಾ.

ಹಾವಿ ಚೀಲದಿಂದ ಸಣ್ಣದೊಂದು ಡಬ್ಬಿ ತೆಗೆದ. ಹಿಂದುಸ್ತಾನದಲ್ಲಿ ಒಬ್ಬ ಹೆಣ್ಣು ಡ್ರೈವರು ಹಾವಿಯನ್ನು ಕರೆದುಕೊಂಡು ಹೋಗುತ್ತಾಳೆಂದು ಕೇಳಿ ಅವನ ಹೆಂಡತಿ ಮೆಚ್ಚಿ ಕಿವಿಯೋಲೆ ಕೊಟ್ಟು ಕಳಿಸಿದ್ದಳಂತೆ. ಇಷ್ಟು ದಿನ ಕೊಡಲು ಧೈರ್ಯವಾಗಿರಲಿಲ್ಲವಂತೆ. ಸುಜಾತಾ ಓಲೆಗಳನ್ನು ಗಂಡನ ಕಿವಿಗೆ ಹಿಡಿದು ನೋಡಿ, "ಮೀಸಿಗಿ ಒಪ್ಪಂಗಿಲ್ಲ" ಎಂದು ತಾನೇ ಹಾಕಿಕೊಂಡಳು. ಅಣವೀರನಿಗೂ ಆ ದಿನ ಮೊದಲ ಸಲ ಮನಸಾರೆ ನಗು ಬಂತು.

ಆ ಹೊತ್ತಿಗೆ ಹಿತ್ತಲಿನಿಂದ ಪಕ್ಕದವರ ಎಮ್ಮೆ ಇಣುಕಿತು. ನೂರಿಯಾ ಕೈ ಚಾಚಿ, "ಎಮ್ಮಿ ಬಂತು" ಎಂದು ಸ್ಪಷ್ಟವಾಗಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಒಳಗಿನಿಂದ ಸಾರಿನ ಪಾತ್ರೆ ಹಿಡಿದು ಬಂದವಳನ್ನು ತೋರಿಸಿ, "ಸುಜಾತಾ ಬಂತು" ಎಂದಳು. ತಾನು ಕಲಿಸಿದಂತೆಯೇ ಹೇಳಿದಳೆಂದು ಅಣವೀರ ಹೆಮ್ಮೆಯಿಂದ ತಲೆದೂಗಿದ. "ಅಣವೀರ ಬಂತು" ಎಂದ ಹಾವಿ, ತಾನೂ ಒಂದು ಕೈ ನೋಡೋಣವೆಂದು.

"ಇಲ್ಲ, ಇಲ್ಲ. ಅಣವೀರ ಬಂದ" ಎಂದು ತಿದ್ದಿದಳು ನೂರಿಯಾ. ತಿದ್ದಿ ಸುಮ್ಮನಿದ್ದರೆ ಚೆನ್ನಾಗಿತ್ತು. ಇಂಜಿನಿಯರ್ ಬುದ್ಧಿ; ಹುಬ್ಬು ಗಂಟಿಕ್ಕಿ ಯೋಚಿಸಿ ಕೇಳಿದಳು: "ಬಸ್ಸು ಬಂತು, ಎಮ್ಮಿ ಬಂತು, ಸುಜಾತಾ ಬಂತು. ಅಣವೀರ ಮಾತ್ರ ಬಂದ. ಯಾಕೆ?"

ಹಾವಿ ಇಂಗ್ಲಿಷಿನಲ್ಲಿ ಅದನ್ನೇ ಇನ್ನೊಮ್ಮೆ ಬಿಡಿಸಿದ. ಕೇಳಿಸಿಕೊಂಡ ಸುಜಾತಾ ಪಾತ್ರೆಯನ್ನು ಬಹಳ ನಿಧಾನವಾಗಿ ಕೆಳಗಿಟ್ಟಳು. ಹುಟ್ಟಿದಾಗಿನಿಂದ ಆ ಭಾಷೆ ಆಡಿದವಳು, ತಾನೂ ತಂಗಿಗೆ, ನಾದಿನಿಗೆ ಬಂತು ಹೋಯ್ತು ಅಂದವಳು. ಇವತ್ತಿನವರೆಗೆ ಕಿವಿಗೆ ಬಿದ್ದಿರಲಿಲ್ಲ.

"ಖರೇನ ಅದ ಅಲ್ಲ! ಸ್ಪೇನ್ ಮಾತಿನಾಗ ನನಗ ಗಂಡಸು ಮಾಡಿದಿ. ಕನ್ನಡದಾಗ ಎಮ್ಮಿ ಸಾಲಿಗಿ ನಿಲ್ಲಸಿದಿ. ಹೆಂಗಸು ಯಾವಾಗ ಮಾಡ್ತಿ ನನಗ?"

"ಏ, ಅದು ಪ್ರೀತಿಲೆ ಅನ್ನೋದು!" ಅಣವೀರ ಗಡಬಡಿಸಿದ. "ನಮ್ಮವ್ವಗೂ ಹಂಗೇ ಅಂತೀವಿ. ಈ ಕಡಿ ಎಲ್ಲಾರೂ ಅಂತಾರ. ಸಣ್ಣ ಕೂಸಿಗೂ ಅಂತಾರ. ಪ್ರೀತಿ ಇದ್ದಲ್ಲಿ ಬಂತು ಅಂತಾರ."

"ಹೌದಾ? ನನಗೂ ನಿನ್ನ ಮ್ಯಾಲ ಭಾಳ ಪ್ರೀತಿ ಅದ" ಎಂದಳು ಸುಜಾತಾ. ಹಾವಿಯ ಕಡೆ ತಿರುಗಿ, "ಅಣವೀರ ರೊಟ್ಟಿ ತಿಂತದೇನು ಕೇಳ್ರಿ" ಎಂದು ಬುಟ್ಟಿ ಮುಂದೆ ಮಾಡಿದಳು.

ಅಣವೀರ ತಿಂದ. ನೂರಿಯಾ ಮತ್ತು ಹಾವಿ ಹೊರಟ ಮೇಲೆ, ಪಾತ್ರೆ ತೊಳೆಯುವ ಹೊತ್ತಿಗೆ, ಹೆಂಡತಿಯ ಹತ್ತಿರ ಹೋಗಿ "ಬರ್ತಾಳ, ಹೋಗ್ತಾಳ, ಮಾಡ್ತಾಳ" ಎಂದು ಮೆಲ್ಲಗೆ ಹೇಳಿ ನೋಡಿದ. ಬಾಯಿಗೆ ಹೊಸ ಹಲ್ಲು ಕಟ್ಟಿಸಿದಂತೆ ಅನ್ನಿಸಿತು. "ಅಭ್ಯಾಸ ಮಾಡು, ಬರ್ತದ" ಎಂದು ಸುಜಾತಾ ತೊಳೆದ ತಾಟು ಕೈಗೆ ಕೊಟ್ಟಳು.

ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಸುಲೇಪೇಟಕ್ಕೆ ಹೊರಟಿದ್ದರು. ಅಣವೀರನ ಫೋನು ಹೊಡೆದುಕೊಂಡಿತು; ಸುಜಾತಾ ಸ್ಪೀಕರಿಗೆ ಹಾಕಿ ಹಿಡಿದಳು. ಮುಕ್ರಮ.

"ಎಲ್ಲಿದ್ದೀಯೋ?"

"ಊರಿಗಿ ಹೊಂಟೀನಿ. ಇಕಿನೂ ಬರಾಕತ್ತ..." ಅಣವೀರ ಒಂದು ಕ್ಷಣ ತಡೆದು, ಗೇರು ಬದಲಿಸಿ, ಮಾತು ಮುಗಿಸಿದ. "ಬರಾಕತ್ತಾಳ."

ಆ ಕಡೆ ಮುಕ್ರಮ ದನಿ ತಗ್ಗಿಸಿದ. "ಬರಾಕತ್ತಾಳ? ಯಾರೋ ಅದು? ಗಾಡ್ಯಾಗ ಯಾವ ಹೆಂಗಸಿಗಿ ಕುಂದ್ರಿಸ್ಕೊಂಡೀದಿ? ಸುಜಾತಾಗ ಗೊತ್ತದೇನ?"

ಸುಜಾತಾ ಫೋನನ್ನು ಬಾಯಿಯ ಹತ್ತಿರ ತಂದುಕೊಂಡಳು.

"ನಾನೇ ಅದೀನಿ, ಮುಕ್ರಮಭಾಯಿ. ಅಣವೀರ ಗಾಡಿ ನಡಸಾಕತ್ತದ. ಊರು ಮುಟ್ಟಿ ಫೋನ್ ಮಾಡ್ತದ."